ಹರಿದದ್ದು ಯಾವ ಕೈ?

“ಲಿಗಮೆಂಟ್ ಹರಿದಿರೂದು ನಿಮ್ಮ ಎಡಗೈ ಮಣಿಕಟ್ಟಿನಾಗ ರೀ, ಆಯಿ,” ಎಂದರು ಸಿಂದಗಿಯ ಡಾಕ್ಟರಮ್ಮ, ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು.

ನನಗೆ ಕನ್‌ಫ್ಯೂಷನ್. ರೊಟ್ಟಿ ಬಡಿಯಲಾಗದಷ್ಟು ನೋಯುತ್ತಿದ್ದುದು ಬಲಗೈ. ಅದರ ಆಪರೇಷನ್ನಿಗೆ ಮೆಂಟಲಿ ಪ್ರಿಪೇರ್ ಆಗಿ ಬಂದಿದ್ದೆ. ಎಡಗೈಯನ್ನು ಸ್ಕ್ಯಾನ್ ಮಾಡಿದ್ದು ಬರೀ ಹೋಲಿಸಿ ನೋಡಲು.

“ಆರ್ ಯು ಶ್ಯೂರ್, ಡಾಕ್ಟರ್? ಎಡಗೈ ಒಂದಿನಾನೂ ನೋವು ಅಂದಿಲ್ಲಲ್ಲರಿ.”

“ವಯಸ್ಸಾದಮ್ಯಾಲ ಸವದು ಹರೀತೈತ್ರಿ. ನೋವಿಲ್ಲಂದ್ರ ಅದರ ತಂಟೆ ಬ್ಯಾಡ. ಬಲಗೈಯಾಗ ಬರೀ ಬಾವು ಐತಿ, ಪಟ್ಟಿ ಕಟ್ಟಿ ರೆಸ್ಟ್ ಕೊಡ್ರಿ. ಯಾವ ಕೈಗೂ ಆಪರೇಷನ್ ಬ್ಯಾಡ.”

ರಿಲೀಫ್ ಆಗಬೇಕಿತ್ತು. ಆದರೆ ದೇವರ ಹಿಪ್ಪರಗಿ ಬರುವವರೆಗೂ ಬಸ್ಸಿನಲ್ಲಿ, ನೋಯುವ ಬಲಗೈಯಿಂದ ನೋಯದ ಎಡಗೈಯನ್ನೇ ಜೋಪಾನವಾಗಿ ಹಿಡಿದು ಕೂತಿದ್ದೆ.