ಫೆನ್ಸಮ್ ಮನೆತನದ ಇಬ್ಬರು ಟಬಿತಾಗಳು

ಥೆಲ್ಮಾ ಗ್ಯಾರಡ್‌ಗೆ ಮುತ್ತಜ್ಜಿಯನ್ನು ಹುಡುಕುವ ಹುಚ್ಚು ಹಿಡಿದದ್ದು ಗಂಡ ತೀರಿಕೊಂಡ ಮೇಲೆ. ಅಜ್ಜಿ ರೋಸ್‌ಳ ತಾಯಿ ಟಬಿತಾ ಫೆನ್ಸಮ್ ಎಂಬುದಷ್ಟೇ ಗೊತ್ತಿತ್ತು. ಹುಡುಕಿದರೆ, ಇಂಗ್ಲೆಂಡಿನ ಬೆಡ್‌ಫರ್ಡ್ ಸೀಮೆಯ ಅವಳದೇ ಹಳ್ಳಿಯಲ್ಲಿ, ಸಾವಿರದ ಎಂಟುನೂರ ನಲವತ್ತರ ಹಿಂದುಮುಂದು ಹುಟ್ಟಿದ ಇಬ್ಬರು ಟಬಿತಾಗಳು ಸಿಕ್ಕರು. ಫೆನ್ಸಮ್ ಅಣ್ಣತಮ್ಮಂದಿರಿಬ್ಬರೂ ಹಿರಿಮಗಳಿಗೆ ತಮ್ಮ ತಾಯಿಯ ಹೆಸರಿಟ್ಟಿದ್ದರು. ಆಗ ಎಲ್ಲರೂ ಮಾಡುತ್ತಿದ್ದದ್ದೇ ಅದು. ಅಣ್ಣ ಜಾನ್‌ಗೆ ಸ್ವಂತ ಹೊಲ, ಚರ್ಚಿನಲ್ಲಿ ಮುಂದಿನ ಸಾಲು. ತಮ್ಮನ ಮನೆಯಲ್ಲಿ ಉಣ್ಣಲಿಕ್ಕೂ ಗತಿಯಿಲ್ಲ. ಥೆಲ್ಮಾ ಯಾರ ಮಗಳನ್ನು ಮುತ್ತಜ್ಜಿಯೆಂದು ಆರಿಸಿಕೊಂಡಳೆಂದು ಕೇಳಬೇಕೇ?

ಬಡ ಟಬಿತಾಳ ಬದುಕು ಹೇಳಿಕೊಳ್ಳುವಂಥದ್ದಲ್ಲ. ಐದು ವರ್ಷಕ್ಕೇ ಟೋಪಿ ಮಾಡುವವರಿಗಾಗಿ ಗೋಧಿಹುಲ್ಲಿನ ಜಡೆ ಹೆಣೆಯಲು ಕುಳಿತವಳು. ಒಣಹುಲ್ಲನ್ನು ಬಾಯಲ್ಲೇ ನೆನೆಸಿ ನೆನೆಸಿ ತುಟಿಯ ಮೂಲೆ ಸದಾ ಒಡೆದಿರುತ್ತಿತ್ತು. ಕೈಕೊಟ್ಟ ಗಂಡಿನಿಂದ ಇಬ್ಬರು ಹೆಣ್ಣುಮಕ್ಕಳು; ಅವರ ಹೆಸರನ್ನು ಯಾರೂ ಬರೆದಿಟ್ಟಿರಲಿಲ್ಲ. ಒಂದು ಚಳಿಗಾಲ ದೊಡ್ಡಪ್ಪನ ಹೊಲದಿಂದಲೇ ಎರಡು ಟರ್ನಿಪ್ ಗೆಡ್ಡೆ ಕಿತ್ತು, ಶಾಲಿನಲ್ಲಿ ಸುತ್ತಿ, ಎದೆಗವಚಿಕೊಂಡು ಲಾಲಿ ಹಾಡುತ್ತ ಹೊರಟಳು. ಎದುರಾದ ಪೊಲೀಸಿನವನು, "ಮಗು ಮುಖ ತೋರ್ಸಮ್ಮ" ಎಂದ. ಜೈಲಾಯಿತು.

ಇದನ್ನು ಥೆಲ್ಮಾ ಊರಿನ ಸಭಾಭವನದಲ್ಲಿ ಹೇಳಿದ್ದಳು. ಬರೀ ಹೇಳಿದ್ದರೆ ಸಾಕಿತ್ತು. ಪುಣ್ಯಾತ್ಗಿತ್ತಿ ಕುರ್ಚಿಯ ದಿಂಬು ಎತ್ತಿಕೊಂಡು, ತೂಗಿ, ಲಾಲಿಯನ್ನೂ ಹಾಡಿದಳು. "ಸದ್ಯ, ನಮ್ಮೋಳಲ್ಲ. ದೇವರು ದೊಡ್ಡೋನು" ಎಂದದ್ದಕ್ಕೆ ಜನ ಬಿದ್ದು ಬಿದ್ದು ನಕ್ಕಿದ್ದರು.

ಮುಂದಿನ ವಸಂತದಲ್ಲಿ ಊರವರು ಸೇರಿ ಚರ್ಚಿನ ಹಿಂದಿನ ಸಮಾಧಿಗಳನ್ನು ಚೊಕ್ಕ ಮಾಡುತ್ತಿದ್ದಾಗ, ಥೆಲ್ಮಾ ಗೋಡೆಬದಿಯ ಬಳ್ಳಿಯೊಂದನ್ನು ಎಳೆದಳು. ಕೆಳಗೆ ಮೊಣಕಾಲೆತ್ತರದ ಕಲ್ಲು. ಜಾನ್ ಫೆನ್ಸಮ್‌ನ ಮುದ್ದಿನ ಮಗಳು ಟಬಿತಾ, ಮೂರು ವರ್ಷದವಳು ಎಂದು ಕೆತ್ತಿತ್ತು.

ಮೂರು ವರ್ಷಕ್ಕೇ ಹೋದ ಮಗು ಯಾರಿಗೆ ಮುತ್ತಜ್ಜಿಯಾದೀತು? ಕಂಡವರ ಮನೆತನವನ್ನೆಲ್ಲ ಕೆದಕುವವಳು, ತಾನು ಆರಿಸಿಕೊಂಡ ಹುಡುಗಿ ಬದುಕಿ ಬೆಳೆದಳೇ ಎಂದು ನೋಡುವುದನ್ನೇ ಮರೆತಿದ್ದಳು. ಹಾಗಾದರೆ ಉಳಿದವಳು ಗೆಡ್ಡೆ ಕದ್ದವಳೊಬ್ಬಳೇ. ಥೆಲ್ಮಾಳ ಕಿವಿ ಬಿಸಿಯಾದವು. ನಾಚಿಕೆಯೆಂದರೆ ಅಂತಿಂಥ ನಾಚಿಕೆಯಲ್ಲ, ಆ ಕಲ್ಲಿನೆದುರೂ ಮುಖವೆತ್ತಲಾಗಲಿಲ್ಲ. ಕಳ್ಳಿಯ ವಂಶವಾದರೇನಂತೆ, ಹಸಿದವಳನ್ನು ಆಡಿಕೊಂಡು ಊರನ್ನೇ ನಗಿಸಿದ್ದಳಲ್ಲ! ಆದರೂ ಅವಳ ಕೈ ಏನು ಮಾಡಿತು ನೋಡಿ: ಬಳ್ಳಿಯನ್ನು ಮತ್ತೆ ಕಲ್ಲಿನ ಮೇಲೆ ಎಳೆದು ಮುಚ್ಚಿತು.

"ಯಾಕೆ, ಅರ್ಧಕ್ಕೇ ಬಿಟ್ಯಲ್ಲ?" ಪಕ್ಕದ ಮನೆಯ ಆಲಿವ್ ಡಂಕ್ಲಿ ಚಹಾದ ಫ್ಲಾಸ್ಕ್ ಹಿಡಿದು ಹಿಂದೆಯೇ ನಿಂತಿದ್ದಳು.

"ಬೆನ್ನು ನೋವು ಕಣೆ."

"ಬೆನ್ನಂತೆ ಬೆನ್ನು. ಆ ಕಲ್ಲು ನಂಗೆ ಚಿಕ್ಕಂದಿನಿಂದ ಗೊತ್ತು. ಅಮ್ಮ ತೋರ್ಸಿದ್ಲು."

ಥೆಲ್ಮಾ ಒದ್ದೆ ಹುಲ್ಲಿನ ಮೇಲೆ ಕೂತೇಬಿಟ್ಟಳು. "ನಿಮ್ಮಮ್ಮಂಗೇನು ಸಂಬಂಧ?"

"ಟರ್ನಿಪ್ ಕದ್ದೋಳ ಚಿಕ್ಕ ಮಗಳು ನಮ್ಮಜ್ಜಿ. ದೊಡ್ಡೋಳು ನಿಮ್ಮ ರೋಸ್. ಆ ಚಳೀಲಿ ಮನೇಲಿ ಹಸ್ಕೊಂಡು ಕೂತಿದ್ದೋರು ಅವರಿಬ್ರೇ."

"ಗೊತ್ತಿದ್ದೂ ಸುಮ್ನಿದ್ದೆಯಾ? ಅವತ್ತೇ ಎದ್ದು ನಿಂತು ನನ್ನ ಮುಖಕ್ಕೆ ಉಗೀಬಾರ್ದಿತ್ತಾ, ಆಲಿವ್?"

ಆಲಿವ್ ಚಹಾ ಬಗ್ಗಿಸಲು ಹೋದವಳು ಮುಚ್ಚಳವನ್ನು ಮತ್ತೆ ತಿರುಗಿಸಿ ಹಾಕಿದಳು.

"ಯಾವ ಬಾಯಲ್ಲಿ ಉಗೀಲಿ? ಅವಳು ನಮ್ಮೋಳು ಅಂತ ಯಾರಿಗಾದ್ರೂ ಗೊತ್ತಾಗ್ಬಿಟ್ರೆ ಅಂತ ಹೆದ್ರಿ, ಎಲ್ರಿಗಿಂತ ಜೋರಾಗಿ ನಕ್ಕಿದ್ದು ನಾನೇ."