ಗೆರೆಯಿಲ್ಲದ ಇಪ್ಪತ್ತಮೂರನೇ ಮನೆ

ಬಂದ ಮೂರನೇ ದಿನ ಬೆಳಿಗ್ಗೆ ಬಾಡಿಗೆ ಕೋಣೆಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದೆ. ಒಬ್ಬ ಹೆಂಗಸು, ಮುಖ ಕಂಡವಳಲ್ಲ, ಹೆಸರು ಕೇಳಿದವಳಲ್ಲ, ಸೀದಾ ಒಳಗೆ ಬಂದಳು. ಗೂಡಿನಲ್ಲಿದ್ದ ನನ್ನ ಚಹಾಪುಡಿ ಡಬ್ಬಿ ಇಳಿಸಿದಳು, ಮುಚ್ಚಳ ತೆಗೆದು ಮೂಸಿದಳು, ಅಂಗೈಗೆ ಒಂದಿಷ್ಟು ಸುರುವಿಕೊಂಡಳು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೊರಟಳು. ಬಾಗಿಲ ಹತ್ತಿರ ತಿರುಗಿ ನನ್ನನ್ನು ನೋಡಿ, "ಕೂದಲ ಭಾಳ ಉದುರ್ತಾವಲ್ಲ ನಿಮ್ವು," ಎಂದಳು. ಅಷ್ಟೇ. ನನ್ನ ಬಾಚಣಿಗೆ ಕೂದಲಲ್ಲೇ ಸಿಕ್ಕಿಕೊಂಡು ಉಳಿಯಿತು.

ಮಂಡ್ಯ ಸೀಮೆಯ ನಮ್ಮೂರಿನಲ್ಲಿ ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಬೇಕಿದ್ದರೂ ಅದಕ್ಕೊಂದು ಕ್ರಮ ಇದೆ. ಹೊಸ್ತಿಲಾಚೆ ನಿಂತು "ಅಡುಗೆ ಆಯ್ತೇನಕ್ಕಾ?" ಎಂದು ಶುರುಮಾಡಬೇಕು. ಹಸು ಈದಿತೇ, ಮಗಳು ಬಂದಳೇ ಎಂದೆಲ್ಲ ವಿಚಾರಿಸಬೇಕು. ಕೊನೆಗೆ, ಈಗ ತಾನೇ ನೆನಪಾದವರ ಹಾಗೆ ಸೆರಗಿನಡಿಯಿಂದ ಲೋಟ ಹೊರಗೆ ತೆಗೆಯಬೇಕು. ನಾವು ಅದಕ್ಕೇ ಮರ್ಯಾದೆ ಅನ್ನುವುದು. ಈ ಚಹಾಪುಡಿ ದರೋಡೆಯನ್ನು ನಾನು ಏನೆಂದು ಕರೆಯಲಿ? ಅವತ್ತೇ ಟಂಟಂ ಹತ್ತಿ ಶಹಾಪುರದ ಪೇಟೆಗೆ ಹೋಗಿ ಗಟ್ಟಿಯಾದ ಒಂದು ಬೀಗ ತಂದೆ. ಟಂಟಂ ಅಂದರೆ ಹತ್ತು ಜನರ ಜಾಗದಲ್ಲಿ ಹದಿನೆಂಟು ಜನ ಕೂರುವ ಮೂರು ಗಾಲಿಯ ಗಾಡಿ. ಬೀಗಕ್ಕೆ ಇಲ್ಲಿ ಕೀಲಿ ಎನ್ನುತ್ತಾರೆ.

ಮನೆಯ ಯಜಮಾನಿ ದೇವಮ್ಮ ಅದನ್ನು ನೋಡಿ ಮುಖ ಸಣ್ಣಗೆ ಮಾಡಿದಳು.

"ಕೀಲಿ ಯಾಕ್ರೀ ಅಕ್ಕಾರ? ಮನ್ಯಾಗ ನಾ ಇರ್ತೀನಲ್ರಿ."

"ಕಾಗದ ಪತ್ರ ಇದಾವೆ ದೇವಮ್ಮಾ, ಅದಕ್ಕೆ," ಎಂದು ಸುಳ್ಳು ಹೇಳಿದೆ.

ಮರುದಿನದಿಂದ ಚಹಾಪುಡಿಯವಳು, ಅಂದರೆ ಬಾಜೂ ಮನೆಯ ಶರಣಮ್ಮ, ಹೊರಗೇ ನಿಂತು "ಚಾಪುಡಿ ಒಂದೀಟು ಕೊಡ್ತೀರೇನ್ರಿ?" ಎಂದು ಕೇಳತೊಡಗಿದಳು. ವಾರ ಕಳೆದ ಮೇಲೆ ಅದನ್ನೂ ಬಿಟ್ಟಳು. ನಾನು ಹಿಗ್ಗಿ ಅವ್ವನಿಗೆ ಕಾಗದ ಬರೆದೆ: ಇಲ್ಲಿಯವರಿಗೆ ಕೇಳಿ ತೆಗೆದುಕೊಳ್ಳುವುದನ್ನು ಕಲಿಸಿಬಿಟ್ಟೆ! ಪರಊರಿನಲ್ಲಿ ನನ್ನ ಮೊದಲ ಗೆಲುವು ಅದು. ಎಂಥ ಗೆಲುವು!

ಊರಿನ ಹೆಸರು ಬರೆಯುವುದಿಲ್ಲ, ಜನರ ಹೆಸರನ್ನೂ ಬದಲಿಸಿದ್ದೇನೆ. ಹಾಗೇಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಗೋಗಿಗೂ ದೋರನಹಳ್ಳಿಗೂ ದೂರವಲ್ಲದ ಊರು ಎಂದರೆ ಸಾಕು. ಹೆಂಚಿನ ಮನೆಯಲ್ಲಿ ಹುಟ್ಟಿದ ನನಗೆ ಮಣ್ಣಿನ ಮಾಳಿಗೆ ಮನೆ ಮೊದಮೊದಲು ಉಸಿರು ಕಟ್ಟಿಸಿತು, ಬೇಸಿಗೆ ಬಂದಾಗ ಅದರ ತಂಪೇ ತಾಯಿಯಾಯಿತು. ಮುದ್ದೆ ನುಂಗಿ ಬೆಳೆದ ಗಂಟಲಿಗೆ ಜೋಳದ ರೊಟ್ಟಿ ಇಳಿಯಲು ಒಂದು ತಿಂಗಳು ಬೇಕಾಯಿತು. ಆದರೆ ಪುಂಡಿಪಲ್ಯದ ಹುಳಿಗೆ ಮೊದಲ ದಿನವೇ ಸೋತೆ. ಮಾತು ಮಾತ್ರ ಏಟಿನಂತೆ ಬೀಳುತ್ತಿತ್ತು. "ಉಣ್ತೀರೋ ಇಲ್ಲೋ?" ಎಂದು ದೇವಮ್ಮ ಕೇಳಿದರೆ ಬೈದಳೆಂದು ನನ್ನ ಕಣ್ಣು ತುಂಬುತ್ತಿತ್ತು. ಸಂಜೆಗಳಲ್ಲಿ ಒಂಟಿತನ ಎಂದರೆ ಏನೆಂದು ತಿಳಿಯಿತು; ಅದನ್ನು ಮುಚ್ಚಿಟ್ಟು ಬರೆಯಲಾರೆ.

ಕೆಲಸದ ಮಾತಿಗೆ ಬರೋಣ. ಆಗ ಇಲ್ಲಿಗೆ ಕಾಲುವೆ ಬಂದು ಹೆಚ್ಚು ವರ್ಷವಾಗಿರಲಿಲ್ಲ. ನಮ್ಮ ಕಡೆ ಕಾಲುವೆ ಅಜ್ಜಂದಿರ ಕಾಲದ್ದು. ನೀರು ಯಾವಾಗ ಬರುತ್ತದೆಂದು ಎಮ್ಮೆಗೂ ಗೊತ್ತು. ಇಲ್ಲಿ ನೀರಿನ ಸರದಿಗೆ, ಅಂದರೆ ಪಾಳಿಗೆ, ಅರ್ಧ ಊರು ಕಾದು ಕೂತಿರುತ್ತಿತ್ತು, ಉಳಿದರ್ಧಕ್ಕೆ ನೀರು ಹರಿದುಹೋದ ಮೇಲೆ ಸುದ್ದಿ ಮುಟ್ಟುತ್ತಿತ್ತು. ಒಂದೇ ಊರಿನಲ್ಲಿ ಸುದ್ದಿ ಕೆಲವರಿಗೆ ಸಿಗುವುದೇಕೆ, ಕೆಲವರಿಗೆ ಸಿಗದಿರುವುದೇಕೆ? ಇದನ್ನು ತಿಳಿಯಲು ನಮ್ಮ ಪುಟ್ಟ ಸಂಸ್ಥೆ ನನ್ನನ್ನು ಕಳಿಸಿತ್ತು. ಕಾಲುವೆ ಸೀಮೆಯ ಹುಡುಗಿಗೆ ಕಾಲುವೆ ಊರು ಯಾವ ಲೆಕ್ಕ ಎಂದು ಎದೆಯುಬ್ಬಿಸಿಕೊಂಡೇ ಬಂದವಳು ನಾನು.

ಕ್ರಮ ಬಹಳ ಸರಳ. ಊರಿನ ಪ್ರತಿ ಮನೆಗೂ ಹೋಗಿ ಮೂರು ಪ್ರಶ್ನೆ ಕೇಳುವುದು. ಮನೆಯಲ್ಲಿ ಏನಾದರೂ ತೀರಿದರೆ ಯಾರ ಮನೆಗೆ ಹೋಗಿ ಕೇಳುತ್ತೀರಿ? ನೀರಿನ ಸುದ್ದಿ ಯಾರನ್ನು ಕೇಳುತ್ತೀರಿ? ಕಷ್ಟ ಬಂದರೆ ಯಾರ ಸಹಾಯ ಕೇಳುತ್ತೀರಿ? ಆಮೇಲೆ ದೊಡ್ಡ ಹಾಳೆಯ ಮೇಲೆ ಪ್ರತಿ ಮನೆಗೆ ಒಂದು ಸೊನ್ನೆ, ಪ್ರತಿ ಉತ್ತರಕ್ಕೆ ಸೊನ್ನೆಯಿಂದ ಸೊನ್ನೆಗೆ ಒಂದು ಬಾಣದ ಗೆರೆ. ಊರ ಹೊರಗಿನ ಮನೆಗಳನ್ನು ಹಿಡಿಯಬಾರದೆಂಬುದು ನಿಯಮ. ಹಿಡಿದರೆ ಲೋಕವನ್ನೇ ಬರೆಯಬೇಕಾದೀತು. ಚುಕ್ಕಿ ರಂಗೋಲಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೆರೆ ಎಳೆದಂತೆ ಕಣ್ಣಿಗೆ ಕಾಣದ ಊರು ಹಾಳೆಯಲ್ಲಿ ಕಾಣತೊಡಗಿತು. ದೊಡ್ಡ ಗೌಡರ ಮನೆಗೆ ಎಲ್ಲ ಕಡೆಯಿಂದ ಬಾಣಗಳು ಬಂದಿದ್ದವು, ಅಲ್ಲಿಂದ ಹೊರಗೆ ಒಂದೂ ಹೋಗಿರಲಿಲ್ಲ. ಅಲ್ಲಿಗೆ ಸುದ್ದಿ ಹೋದರೆ ಅಲ್ಲೇ ಕೂರುತ್ತಿತ್ತು. ಹಿಟ್ಟಿನ ಗಿರಣಿಯವನಿಗೆ ಒಂದೆಕರೆ ಹೊಲವೂ ಇಲ್ಲ, ಆದರೆ ಎಲ್ಲರ ಜೋಳವೂ ಅವನ ಕೈಯಿಂದಲೇ ಹಾಯುವುದರಿಂದ ಊರಿನ ಎರಡು ತುದಿಗಳು ಅವನಲ್ಲಿ ಕೂಡುತ್ತಿದ್ದವು. ಬೌದ್ಧರ ಓಣಿಗೂ ಉಳಿದ ಊರಿಗೂ ನಡುವೆ ಇದ್ದದ್ದು ಒಂದೇ ಗೆರೆ, ಅದು ಆ ಓಣಿಯ ಶಾಲಾ ಮೇಷ್ಟ್ರ ಮನೆಯದು. ಅವರಿಗೆ ವರ್ಗವಾದರೆ ಇಡೀ ಓಣಿ ಸುದ್ದಿಯಿಂದ ಕಳಚಿಕೊಳ್ಳುತ್ತಿತ್ತು. ಇದನ್ನೆಲ್ಲ ಕಂಡು ನನ್ನ ಕೊಬ್ಬು ಇನ್ನೂ ಏರಿತು.

ಇಪ್ಪತ್ತಮೂರನೇ ಸೊನ್ನೆಗೆ ಮಾತ್ರ ಒಂದೂ ಗೆರೆಯಿರಲಿಲ್ಲ. ಅದು ನಾನೇ ವಾಸವಿದ್ದ ದೇವಮ್ಮನ ಮನೆ. ಪ್ರಶ್ನೆ ಕೇಳಿದಾಗ ಅವಳು, "ನಾ ಯಾರ ಮನೀಗೂ ಕೇಳಾಕ ಹೋಗಂಗಿಲ್ರಿ," ಎಂದಿದ್ದಳು. ಬೇರೆ ಯಾರೂ ಅವಳ ಹೆಸರು ಹೇಳಿರಲಿಲ್ಲ. ಗಂಡನೂ ಮಗನೂ ಕುರಿಹಿಂಡಿನ ಹಿಂದೆ ತಿಂಗಳುಗಟ್ಟಲೆ ಊರೂರು ತಿರುಗುತ್ತಾರೆ. ಕಾಲುವೆ ಬಂದು ಬೀಳುಹೊಲಗಳೆಲ್ಲ ಭತ್ತದ ಗದ್ದೆಯಾದ ಮೇಲೆ ಮೇವಿಗೆ ಇನ್ನೂ ದೂರ ಹೋಗಬೇಕು. ಮನೆಯಲ್ಲಿ ತಾಯಿ ಮತ್ತು ಮಗಳು ನಾಗಮ್ಮ ಇಬ್ಬರೇ. ಪಾಪ, ಒಂಟಿ ಮನೆ ಎಂದು ತೀರ್ಮಾನಿಸಿದೆ. ಕಾರಣ ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತೆಂದರೆ, ಕಣ್ಣೆದುರು ನಡೆಯುತ್ತಿದ್ದುದನ್ನು ನೋಡುವ ಗೋಜಿಗೇ ಹೋಗಲಿಲ್ಲ.

ಹಾಳೆಯನ್ನು ಶಾಲೆಯ ಗೋಡೆಗೆ ಅಂಟಿಸಿ ಊರವರನ್ನು ಕರೆದೆ. ಹೆಸರು ಬರೆಯದೆ ಬರೀ ಅಂಕಿ ಹಾಕಿದ್ದೇನೆ, ಯಾರಿಗೂ ಗುರುತು ಸಿಗದು ಎಂಬ ಜಾಣತನ ಬೇರೆ. ಆದರೆ ಅಂಕಿಯನ್ನು ಓಣಿಯ ಸಾಲಿನಲ್ಲೇ ಹಾಕಿದ್ದೆನಲ್ಲ, ಮೂಳಿ! "ಹಣಮಪ್ಪನ ಗುಡಿಯಿಂದ ಎಣಸ್ರೋ," ಎಂದು ಯಾರೋ ಕೂಗಿದರು. ಎಣಿಸಿ ಮುಗಿಸಲು ಎಷ್ಟು ಹೊತ್ತು?

"ಇಪ್ಪತ್ಮೂರು ದೇವಮ್ಮನ ಮನಿ ಅಲ್ಲೇನು? ಆಕಿಗೆ ಊರಾಗ ಯಾರೂ ಇಲ್ಲಂತಲ್ಲೋ!"

ನಗು ಎದ್ದಿತು. ದೇವಮ್ಮ ಎದ್ದಳು, ಸೀರೆಯ ಧೂಳು ಕೊಡವಿಕೊಂಡಳು, ಹೋದಳು.

ಅದರ ನಿಜವಾದ ಪೆಟ್ಟು ತಿಳಿದದ್ದು ಎರಡು ದಿನದ ಮೇಲೆ. ನಾಗಮ್ಮನನ್ನು ನೋಡಲು ಮುಂದಿನ ಸೋಮವಾರ ಸುರಪುರದ ಕಡೆಯಿಂದ ಗಂಡಿನವರು ಬರುವವರಿದ್ದರು. ನಮ್ಮ ಕಡೆ ಹೆಣ್ಣು ನೋಡುವವರು ಜಾತಕ ಕೇಳುತ್ತಾರೆ, ಗದ್ದೆ ಕೇಳುತ್ತಾರೆ. ಇಲ್ಲಿ ಅದಕ್ಕೂ ಮೊದಲು, ಅದು ಮಂದಿ ಬಂದುಹೋಗುವ ಮನೆಯೇ ಎಂದು ಕೇಳುತ್ತಾರೆ. ಯಾರೂ ಹೊಸ್ತಿಲು ತುಳಿಯದ ಮನೆಯೆಂದರೆ ಏನೋ ಐಬು ಇದೆಯೆಂದೇ ಅರ್ಥ. ನನ್ನ ಹಾಳೆಯ ಸುದ್ದಿ ಟಂಟಂ ಹತ್ತಿ ಸುರಪುರ ಮುಟ್ಟಿತ್ತು. "ಊರಾಗ ನಿಮ್ಮ ಕೂಡ ಯಾರೂ ಮಾತಾಡಂಗಿಲ್ಲಂತ, ಖರೇ ಏನು? ಒಮ್ಮಿ ಬಂದು ನೋಡ್ತೀವಿ, ಆಮ್ಯಾಲ ಮುಂದಿನ ಮಾತು," ಎಂದು ಅವರು ಹೇಳಿಕಳಿಸಿದ್ದರು. ದೂರದ ಸುದ್ದಿಯನ್ನು ಒಯ್ಯುವವರು ಆಪ್ತರಲ್ಲ, ಅರೆಪರಿಚಯದವರು ಎಂದು ಸಭೆಯಲ್ಲಿ ಪಾಠ ಹೇಳಿದವಳು ನಾನೇ.

ದೇವಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ನಾಕ್ ತಿಂಗಳ ನನ್ನ ಮನ್ಯಾಗ ರೊಟ್ಟಿ ತಿಂದೀರಿ. ಯಾರು ಬರ್ತಾರ, ಯಾರು ಹೋಗ್ತಾರ ಕಣ್ಣೀಲೆ ನೋಡೀರಿ. ಕಾಗದ್ದಾಗ ಬರದ್ದು ಏನ್ರಿ? ನನ್ನ ಮಗಳ ಹಣಿ ಮ್ಯಾಲ ಸೊನ್ನಿ ಬರದ್ರಿ."

"ನಾನು ಸುರಪುರದವರಿಗೆ ಕಾಗದ ಬರೀತೀನಿ ದೇವಮ್ಮಾ, ತಪ್ಪು ನನ್ನದು ಅಂತ," ಎಂದೆ.

"ಬ್ಯಾಡ್ರಿ ತಾಯಿ. ಬರದದ್ದು ಸಾಕು."

ಸೋಮವಾರ ಗಂಡಿನ ಸೋದರತ್ತೆ ಇಬ್ಬರು ಗಂಡಸರೊಂದಿಗೆ ಬಂದಳು. ಕಂಬಳಿ ಹಾಸಿ ಕೂರಿಸಿದರು. ಎಲೆಅಡಿಕೆ ಬಾಯಿಗೆ ಹೋಗುವ ಮೊದಲೇ ಅವಳು ಕೇಳಿದಳು: "ಊರಾಗ ನಿಮಗ ಯಾರ್ಯಾರದಾರವ್ವ?" ದೇವಮ್ಮ ಎಲೆಅಡಿಕೆ ತಟ್ಟೆಯನ್ನು ಅವಳ ಮುಂದಕ್ಕೆ ಇನ್ನಷ್ಟು ಸರಿಸಿದಳು. ನಾನು ನೀರಿನ ತಂಬಿಗೆ ಹಿಡಿದು ಗೋಡೆಗೆ ಅಂಟಿ ನಿಂತಿದ್ದೆ. ಅಯ್ಯೋ, ಒಂದು ಹೆಸರು ಹೇಳಬಾರದೇ ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಶರಣಮ್ಮ ಬಂದಳು. ಬಂದವರ ಕಡೆ ತಿರುಗಿಯೂ ನೋಡದೆ ರೊಟ್ಟಿಬುಟ್ಟಿಗೆ ಕೈಹಾಕಿ ನಾಲ್ಕು ರೊಟ್ಟಿ ಎತ್ತಿ ಮಡಿಲಿಗೆ ಹಾಕಿಕೊಂಡಳು. ಪಲ್ಯದ ಗಡಿಗೆಗೆ ಬೆರಳದ್ದಿ ನೆಕ್ಕಿ, "ಉಪ್ಪ ಕಡಿಮಿ ಆಗ್ಯಾದಲ್ಲೇ ನಾಗಿ, ಇವತ್ತ ತಲಿ ಎಲ್ಲಿ ಇಟ್ಟಿ?" ಎಂದು ತಾನೇ ಉಪ್ಪು ಹಾಕಿ ತಿರುವಿದಳು. ಮೊಸರಿನ ಗಡಿಗೆಯನ್ನು ಬಗಲಿಗೆ ಏರಿಸಿಕೊಂಡು ಹೋದಳು. ಅವಳ ಹಿಂದೆಯೇ ಎದುರು ಮನೆಯ ಮುದುಕಿ ಬಂದು ಗೋಡೆಗೆ ಒರಗಿಸಿದ್ದ ಮೊರ ತೆಗೆದುಕೊಂಡು ಹೋದಳು.

ಸೋದರತ್ತೆಯ ಹುಬ್ಬು ಏರಿತು. "ಯಾರೀಕಿ?"

"ಬಾಜೂ ಮನ್ಯಾಕಿ."

"ಕೇಳೂದಿಲ್ಲೇನು?"

"ತನ್ನ ಮನ್ಯಾಗ ಏನ್ ಕೇಳ್ತಾಳ್ರಿ?" ಎಂದಳು ದೇವಮ್ಮ.

ಸೋದರತ್ತೆ ಗಂಡಸರ ಕಡೆ ತಿರುಗಿದಳು. "ಈ ಮನೀಗಿ ಯಾರೂ ಇಲ್ಲ ಅಂದವರ ಬಾಯಾಗ ಮಣ್ಣ ಹಾಕ್ರಿ."

ಆ ಬಾಯಿ ನನ್ನದೇ. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ನಾಲ್ಕು ತಿಂಗಳು ಕಣ್ಣೆದುರಿದ್ದದ್ದು ಆಗ ಕಂಡಿತು. ಇಲ್ಲಿ ಕೇಳಲು ಹೋಗುವುದು ಅಷ್ಟಕ್ಕಷ್ಟೇ ಇರುವ ಮನೆಗಳಿಗೆ; ಆಪ್ತರ ಮನೆಯಲ್ಲಿ ಕೇಳಿದರೆ ಅವಮಾನ. ಹತ್ತಿರದವರನ್ನೆಲ್ಲ ಬಿಟ್ಟು ದೂರದವರನ್ನಷ್ಟೇ ಗೆರೆಯಲ್ಲಿ ಕಟ್ಟಿ ಇದೇ ಊರು ಎಂದು ಗೋಡೆಗೆ ಅಂಟಿಸಿದ್ದೆ. ನನ್ನ ಚಹಾಪುಡಿ ಡಬ್ಬಿಗೆ ಕೈಹಾಕಿದ ದಿನ ಶರಣಮ್ಮ ನನ್ನನ್ನು ಮನೆಯವಳೆಂದು ಎಣಿಸಿದ್ದಳು. ಬೀಗ ಹಾಕಿ ನಾನೇ ಹೊರಗಾಗಿದ್ದೆ.

ಮದುವೆ ಮಾತು ಗಟ್ಟಿಯಾದ ಮೇಲೆ ಶರಣಮ್ಮನನ್ನು ಕೇಳಿದೆ, "ಅವತ್ತು ಬೇಕೂ ಅಂತಲೇ ಬಂದ್ರಲ್ಲವಾ?"

"ನಾಟಕ ಮಾಡಾಕ ನನಗೆಲ್ಲಿ ಫುರಸತ್ತ್ರಿ? ಅವತ್ತ ನಮ್ಮನ್ಯಾಗ ರೊಟ್ಟಿ ಬಡದಿದ್ದಿಲ್ಲ."

ಗೋಡೆಯ ಹಾಳೆಯನ್ನು ನಾನೇ ಹರಿದೆ. ಮತ್ತೆ ಮನೆಮನೆಗೆ ಹೋಗಿ ಇನ್ನೊಂದು ಪ್ರಶ್ನೆ ಸೇರಿಸಿ ಕೇಳಿದೆ: ಯಾರ ಮನೆಯಿಂದ ಕೇಳದೆ ತರುತ್ತೀರಿ? ಹೆಂಗಸರು ಮುಖ ಮುಖ ನೋಡಿ ನಕ್ಕರು, "ಅಕ್ಕಾರಿಗೆ ಈಗ ಬುದ್ಧಿ ಬಂತು," ಎಂದರು, ಆಮೇಲೆ ಹೆಸರುಗಳು ಸುರಿದವು. ಇಪ್ಪತ್ತಮೂರಕ್ಕೆ ಒಂಬತ್ತು ಗೆರೆ ಬಂದವು. ಈ ಸಲ ಅಂಕಿಗಳನ್ನು ಕಲೆಸಿದೆ, ಗೋಡೆಗೆ ಅಂಟಿಸಲಿಲ್ಲ. ಅಲ್ಲಿಂದ ಮುಂದೆ ಪಾಳಿಯ ಸುದ್ದಿಯನ್ನು ಗಿರಣಿಯಲ್ಲಿ, ಮೇಷ್ಟ್ರ ಮನೆಯಲ್ಲಿ, ದೇವಮ್ಮನ ಅಂಗಳದಲ್ಲಿ ಹೇಳಿಸುವ ಏರ್ಪಾಟು ಮಾಡಿದೆವು. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನದ ಊಟಕ್ಕೆ ಮೊದಲು ಕೊನೆಯ ಮನೆ ಮುಟ್ಟುತ್ತಿತ್ತು. ನನ್ನ ಬೀಗ ನಾಗಮ್ಮನ ಟ್ರಂಕಿನ ಜೊತೆ ಸುರಪುರಕ್ಕೆ ಹೋಯಿತು.

ಎರಡು ವರ್ಷಕ್ಕೆಂದು ಬಂದವಳು ಇಲ್ಲೇ ಉಳಿದೆ. ಈಗ "ಹೌದ್ರಿ" ಎಂದರೆ ಮಂಡ್ಯದ ತಮ್ಮನ ಮಕ್ಕಳು ನಗುತ್ತಾರೆ, "ಹೌದು ಕಣ್ರೀ" ಎಂದರೆ ಇಲ್ಲಿನ ಮಕ್ಕಳು ನಗುತ್ತಾರೆ. ಮೊನ್ನೆ ಹಾಳೆಯನ್ನು ಹೊಸದಾಗಿ ಬರೆಯಲು ನಾನೇ ತರಬೇತಿ ಕೊಟ್ಟ ಸುರಪುರದ ಹುಡುಗಿ ಬಂದಿದ್ದಳು. ಈ ಸಲ ನನ್ನದೂ ಒಂದು ಸೊನ್ನೆ. ಯಾರ ಮನೆಗೆ ಹೋಗಿ ಕೇಳುತ್ತೀರಿ ಎಂದಾಗ, ಹಿಂದೆ ಯಾರ ಮನೆಗೂ ಹೋಗುವುದಿಲ್ಲ ಎಂದಿದ್ದ ದೇವಮ್ಮ ಈಗ ಕಿರಾಣಿ ಅಂಗಡಿಯವನ ಮನೆ, ಮೇಷ್ಟ್ರ ಮನೆ ಹೇಳಿದಳು. ಕೇಳದೆ ತರುವುದು? "ಶರಣಮ್ಮ, ಎದುರು ಮನಿ ಆಯಿ," ಎಂದು ಎಣಿಸಿ, ನನ್ನ ಕಡೆ ಗದ್ದ ತೋರಿಸಿ, "ಮತ್ತ ಈಕಿ," ಎಂದಳು. ಅಕ್ಕಾರ ಇಲ್ಲ, ರಿ ಇಲ್ಲ. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ!

ಆಮೇಲೆ ನನ್ನ ಸರದಿ. "ಅಕ್ಕಾರ, ನೀವು ಯಾರ ಮನೀಗಿ ಹೋಗಿ ಕೇಳ್ತೀರಿ?"

ಯಾರೂ ಇಲ್ಲ ಎನ್ನಲು ಬಾಯಿ ತೆರೆದೆ. ಆಗ ಹೋದ ಯುಗಾದಿ ನೆನಪಾಯಿತು. ಹುಟ್ಟಿದ ಮನೆ, ಅದೇ ಹೆಂಚು, ಅದೇ ಒಲೆ, ಅವ್ವ ಮಾತ್ರ ಇಲ್ಲ. ಅಡುಗೆಮನೆ ಹೊಸ್ತಿಲಾಚೆ ನಿಂತು ತಮ್ಮನ ಹೆಂಡತಿಯನ್ನು ಕೇಳಿದ್ದೆ: "ಕಾಫಿಗೆ ಒಂಚೂರು ಸಕ್ಕರೆ ತಗೊಳ್ಲಾ?" ಅವಳು ಒಳ್ಳೆಯವಳು, "ತಗೊಳ್ಳಿ ಅಕ್ಕಾ," ಎಂದು ಡಬ್ಬಿಯನ್ನು ಮುಂದೆ ಇಟ್ಟಿದ್ದಳು.

"ಬರ್ಕೋ," ಎಂದೆ. "ನನ್ನ ತವರುಮನೆ, ಮಂಡ್ಯ."

"ಊರ ಹೊರಗಿನ ಮನಿ ಹಿಡಿಯಬಾರದು ಅಂತ ನೀವ ಹೇಳಿಕೊಟ್ಟೀರಲ್ರಿ."

ಹೌದು, ನಾನೇ ಹೇಳಿಕೊಟ್ಟಿದ್ದೆ. ಅವಳ ಕೈಯಿಂದ ಪೆನ್ನನ್ನು ಕೇಳದೆ ತೆಗೆದುಕೊಂಡು, ನನ್ನ ಸೊನ್ನೆಯಿಂದ ತೆಂಕಣ ದಿಕ್ಕಿಗೆ, ಹಾಳೆ ಮುಗಿಯುವವರೆಗೂ ಗೆರೆ ಎಳೆದೆ.