ರೂಪೇಶನ ವ್ಯಾನು ಕುಡಿದ ನೀರು

ಕಡಲಂಚಿನ ಕೇಣಿಯ ರೂಪೇಶ ಹರಿಕಂತ್ರನಿಗೆ ಗ್ಯಾರೇಜು ಎಂದರೆ ಮೈ ಉರಿಯುತ್ತಿತ್ತು. ಮುಟ್ಟಿದ್ದಕ್ಕೆಲ್ಲ ಬಿಲ್ಲು ಬರೆಯುವವರ ಕೈಗೆ ತನ್ನ ಹಳೆಯ ವ್ಯಾನನ್ನು ಅವನು ಯಾವತ್ತೂ ಕೊಟ್ಟವನಲ್ಲ. ಹರೆಯದಿಂದ ಬೋಟಿನ ಇಂಜಿನ್ನು ಬಿಚ್ಚಿ ಜೋಡಿಸಿದ ಕೈ ಅದು. ಬ್ರೇಕು, ಕ್ಲಚ್ಚು ಎಲ್ಲ ಅಂಗಳದಲ್ಲೇ ಆಗುತ್ತಿತ್ತು. ಹೆಂಡತಿ ನೀತಾಳನ್ನೂ ಅವಳ ಮೀನನ್ನೂ ಅಂಕೋಲೆಯ ಪೇಟೆಗೆ ಮುಟ್ಟಿಸುವುದು ಆ ವ್ಯಾನೇ. ಮನೆ ನಡೆಯುತ್ತಿದ್ದುದೂ ಅದರಿಂದಲೇ.

ಈ ಬೇಸಿಗೆಯಲ್ಲಿ ರೇಡಿಯೇಟರ್ ಸೋರತೊಡಗಿತು. ಬಾವಿಯ ತಳ ಕಾಣುತ್ತಿತ್ತು, ಕುಡಿಯುವ ನೀರಿಗೇ ಜಗಳ. ರೂಪೇಶ ದಿನಾ ಸಮುದ್ರದ ನೀರು ತಂದು ಸುರಿದ. ಬೋಟಿನ ಇಂಜಿನ್ನಿಗೆ ಆಗುವ ನೀರು ಇದಕ್ಕೇಕೆ ಆಗಬಾರದು, ಇದು ಯಾವ ದೊಡ್ಡ ಮಹಾರಾಜ?

ಇವತ್ತು ಊರು ದಾಟುವ ಮೊದಲೇ ವ್ಯಾನು ಹೊಗೆಯಾಡಿ ನಿಂತಿತು. ಹಿಂದೆ ಬಂಗಡೆಯ ಮೇಲಿನ ಐಸು ಕರಗಿ ತೊಟ್ಟಿಕ್ಕುತ್ತಿತ್ತು. ಚಾವಿ ತಿರುಗಿಸಿ ತಿರುಗಿಸಿ ಅವನ ಕೈ ಸೋತಿತು. ಬಿಸಿ ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದ. ಒಳಗೆ ಬೆಳ್ಳಗೆ ಗಟ್ಟಿಕಟ್ಟಿತ್ತು. ನೀತಾ ಬಗ್ಗಿ ಬೆರಳಿನಿಂದ ಕೆರೆದಳು.

"ನಾ ಮೀನು ಒಣಗಸೂಕೆ ಹಾಕೂದು ಇದೇ ಉಪ್ಪು," ಎಂದಳು. "ಬೋಟಿನ ಇಂಜಿನ್ನು ನೀರು ಎಳ್ದು ಹೊರಗೆ ಉಗಳ್ತದೆ. ಇದು ಹೊಟ್ಟೇಲೇ ಇಟ್ಕಳ್ತದೆ. ನಿಮ್ಗೆ ಅಷ್ಟೂ ಹೊಳೀಲಿಲ್ಲಾ?"

"ತೊಳದ್ರೆ ಸರಿ ಆಗ್ತದೆ," ಎಂದ ರೂಪೇಶ, ತನಗೇ ನಂಬಿಕೆಯಿಲ್ಲದ ದನಿಯಲ್ಲಿ.

ನೀತಾ ಮೀನಿನ ಬುಟ್ಟಿಯನ್ನು ತಲೆಗೇರಿಸಿ ಪೇಟೆಯ ಕಡೆ ನಡೆದಳು. ಅವನು ಬಾಲ್ದಿ ಹಿಡಿದು ನೀರಿಗೆಂದು ಓಡಿದ. ತೆರೆ ಬಂದು ಕಾಲಿಗೆ ಬಡಿದಾಗಲೇ ಅವನಿಗೆ ಗೊತ್ತಾದದ್ದು, ಓಡಿ ಬಂದದ್ದು ಎಲ್ಲಿಗೆ ಎಂದು.